ಓದು ಬರಹ ಕಲಿಸೋದನ್ನ ಟೀಚರ್‌ಗೆ ಆನ್‌ಲೈನಲ್ಲಿ ಕಲಿಸೋದು ಹೇಗೆ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೇಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಇಟ್ಟಿದೀನಿ, ಅಲ್ಲಲ್ಲಿ ಒಂದಿಷ್ಟು ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ದೂರದ ಹಳ್ಳಿಗಳಿಂದ ಬಂದಿರೋರು ತುಂಬ ಜನ ಇದೀರಿ, ಸಂಜೆ ಬಸ್ಸು ಹಿಡೀಬೇಕು, ಅದಕ್ಕೆ ನೇರವಾಗಿ ವಿಷಯಕ್ಕೆ ಬರ್ತೀನಿ.

ಅಸರ್ ಸಮೀಕ್ಷೆ ನಿಮಗೆಲ್ಲ ಗೊತ್ತು, ಮನೆಮನೆಗೆ ಹೋಗಿ ಮಗು ಕೈಗೆ ಒಂದು ಸಣ್ಣ ಪಠ್ಯ ಕೊಟ್ಟು ಓದಿಸ್ತಾರೆ. ಮೂರನೇ ತರಗತಿ ಮಗು ಎರಡನೇ ತರಗತಿ ಮಟ್ಟದ್ದನ್ನ ಓದತ್ತಾ ಅನ್ನೋದು ಅದ್ರಲ್ಲಿ ಒಂದು ಪ್ರಶ್ನೆ. ಇಡೀ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಲೆಕ್ಕ ತಗೊಂಡ್ರೆ 2018ರಲ್ಲಿ ಶೇ. 20.9 ಮಕ್ಕಳು ಓದ್ತಿದ್ರು, ಕೋವಿಡ್ ಆದ್ಮೇಲೆ 2022ರಲ್ಲಿ ಅದು 16.3ಕ್ಕೆ ಇಳೀತು, 2024ರಲ್ಲಿ 23.4ಕ್ಕೆ ಏರ್ತು. ಏರಿದ್ದು ನಿಜ, ಅದರ ಹಿಂದೆ ನಿಮ್ಮಂಥವರ ದುಡಿಮೆ ಇದೆ, ಅದನ್ನ ನಾನು ಯಾವತ್ತೂ ಕಮ್ಮಿ ಮಾಡಿ ಹೇಳಲ್ಲ. ಆದ್ರೂ ನಾಲ್ಕು ಮಕ್ಕಳಲ್ಲಿ ಮೂರು ಮಕ್ಕಳು ಇನ್ನೂ ಓದ್ತಿಲ್ಲ ಅಂತಾಯ್ತಲ್ಲ. ಆ ಮೂರು ಮಕ್ಕಳು ನಾಲ್ಕನೇ ಕ್ಲಾಸಿಗೆ ಹೋದಾಗ ಪರಿಸರ ಅಧ್ಯಯನ, ಗಣಿತದ ಲೆಕ್ಕದ ವಾಕ್ಯ, ಎಲ್ಲಾನೂ ಓದಿಯೇ ಕಲೀಬೇಕು, ಅಲ್ಲಿಂದ ಮುಂದಕ್ಕೆ ಪ್ರತಿ ವರ್ಷ ಹಿಂದೆ ಬೀಳ್ತಾನೇ ಹೋಗ್ತಾರೆ.

ಇದಕ್ಕೆ ಟೀಚರ್ ತಯಾರಾಗಬೇಕು ಅಂತ ಎಲ್ಲರೂ ಹೇಳ್ತಾರೆ. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ತರಬೇತಿ ಅಂತ ಹೇಳತ್ತೆ. 2021ರ ಜುಲೈನಲ್ಲಿ ನಿಪುಣ್ ಭಾರತ್, ಅಂದ್ರೆ ಮೂರನೇ ತರಗತಿ ಮುಗಿಯೋದ್ರೊಳಗೆ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕು ಅನ್ನೋ ಕೇಂದ್ರ ಸರ್ಕಾರದ ಯೋಜನೆ ಶುರುವಾಯ್ತು, ಅದೇ ವರ್ಷ ಅಕ್ಟೋಬರಿಂದ ದೀಕ್ಷಾ ಆ್ಯಪ್‌ನಲ್ಲಿ ಬುನಾದಿ ಸಾಕ್ಷರತೆ, ಸಂಖ್ಯಾಜ್ಞಾನದ ಬಗ್ಗೆ ನಿಷ್ಠಾ ಅನ್ನೋ ಶಿಕ್ಷಕರ ತರಬೇತಿ ಯೋಜನೆಯ 12 ಮಾಡ್ಯೂಲ್ ಬಂತು. ಇವತ್ತಿನ ನನ್ನ ಮಾತು ಇಂಥ ಯಾವುದೋ ಒಂದು ಕೋರ್ಸಿನ ಬಗ್ಗೆ ಅಲ್ಲ. ಸಂಶೋಧನೇಲಿ ಗಟ್ಟಿ ಅಂತ ಗೊತ್ತಾಗಿರೋ ಓದು-ಬರಹದ ವಿಧಾನಗಳನ್ನ ಫೋನಲ್ಲಿ, ತನಗೆ ಬಿಡುವಾದಾಗ, ಟೀಚರ್ ಕಲಿಯೋಕೆ ಆಗತ್ತಾ, ಕಲಿತದ್ದು ಮಗು ತನಕ ಮುಟ್ಟತ್ತಾ ಅನ್ನೋದರ ಬಗ್ಗೆ. ನನ್ನ ಉತ್ತರ ಈಗಲೇ ಹೇಳಿಬಿಡ್ತೀನಿ. ಆಗತ್ತೆ. ಆದ್ರೆ ಕೋರ್ಸಿನ ಹೋಂವರ್ಕ್ ನಾಳೆಯ ತರಗತೀನೇ ಆಗಿರಬೇಕು, ಆ ತರಗತೀಲಿ ಮಗು ಓದಿದ್ದನ್ನ ಕೇಳಿಸ್ಕೊಂಡು ಟೀಚರ್ ಜೊತೆ ಮಾತಾಡೋಕೆ ಒಬ್ಬ ಮನುಷ್ಯ ಇರಬೇಕು. ಇವೆರಡೂ ಇಲ್ಲ ಅಂದ್ರೆ ಎಷ್ಟು ಗಂಟೆ ವಿಡಿಯೋ ನೋಡಿದ್ರೂ ತರಗತೀಲಿ ಏನೂ ಬದಲಾಗಲ್ಲ.

ಮೊದಲು ಆನ್‌ಲೈನ್ ಯಾಕೆ ಬೇಕು ಅಂತ. ಇಬ್ಬರೇ ಟೀಚರ್ ಇರೋ ಕಿರಿಯ ಪ್ರಾಥಮಿಕ ಶಾಲೆ ಯೋಚನೆ ಮಾಡಿ. ಒಬ್ಬರು ಐದು ದಿನ ತಾಲೂಕು ಕೇಂದ್ರಕ್ಕೆ ತರಬೇತಿಗೆ ಹೋದ್ರೆ ಒಂದರಿಂದ ಐದು ಪೂರ್ತಿ ಇನ್ನೊಬ್ಬರ ತಲೆ ಮೇಲೆ, ಅದ್ರ ಜೊತೆಗೆ ಬಿಸಿಯೂಟ, ಹಾಲು-ಮೊಟ್ಟೆ ಲೆಕ್ಕ, ಎಸ್‌ಎಟಿಎಸ್ ಅನ್ನೋ ಮಕ್ಕಳ ಮಾಹಿತಿಯ ಆನ್‌ಲೈನ್ ಎಂಟ್ರಿ. ಏಕೋಪಾಧ್ಯಾಯ ಶಾಲೆ ಆದ್ರಂತೂ ಕೇಳೋದೇ ಬೇಡ. ತರಬೇತಿ ಹೆಸರಲ್ಲಿ ಮಕ್ಕಳ ಕಲಿಕೆ ದಿನಗಳೇ ಹೋಗ್ತವೆ. ಅತಿಥಿ ಶಿಕ್ಷಕರ ಕಥೆ ಬೇರೆ, ಅವರು ಮಧ್ಯದಲ್ಲಿ ಬರ್ತಾರೆ, ಆ ವರ್ಷದ ತರಬೇತಿ ಅಷ್ಟೊತ್ತಿಗೆ ಮುಗಿದಿರತ್ತೆ, ಒಂದನೇ ಕ್ಲಾಸು ಮಾತ್ರ ಅವರ ಕೈಗೇ ಬರತ್ತೆ ಎಷ್ಟೋ ಕಡೆ. ಇಂಥವರಿಗೆ ಯಾವಾಗ ಬೇಕಾದ್ರೂ ಶುರು ಮಾಡಬಹುದಾದ ಕೋರ್ಸ್ ದೊಡ್ಡ ಆಸರೆ.

ಇನ್ನೊಂದು, ಹೆಂಗಸರ ಸಮಯ. ಪ್ರಾಥಮಿಕ ಶಾಲೇಲಿ ಟೀಚರ್ ಅಂದ್ರೆ ಬಹಳಷ್ಟು ಕಡೆ ಹೆಂಗಸರೇ. ಸಂಜೆ ಏಳಕ್ಕೆ ಲೈವ್ ಸೆಷನ್ ಇಟ್ರೆ ಆ ಹೊತ್ತಿಗೆ ಒಲೆ ಮೇಲೆ ಕುಕ್ಕರ್ ಇರತ್ತೆ, ಮನೆ ಮಕ್ಕಳ ಹೋಂವರ್ಕ್ ಇರತ್ತೆ, ಅತ್ತೆಗೆ ಮಾತ್ರೆ ಕೊಡಬೇಕು. ಅವರು ರಾತ್ರಿ ಹತ್ತಕ್ಕೋ ಬೆಳಗಿನ ಜಾವ ಐದಕ್ಕೋ ನೋಡ್ತಾರೆ. ಹಾಗಾಗಿ ಫ್ಲೆಕ್ಸಿಬಲ್ ಅನ್ನೋದು ಸೌಕರ್ಯದ ಮಾತು ಅಂತ ತಿಳೀಬೇಡಿ, ಅದಿಲ್ಲದಿದ್ರೆ ಅರ್ಧ ಜನ ಹೊರಗೇ ಉಳೀತಾರೆ. ವಿಡಿಯೋ ಎಂಟು ನಿಮಿಷದ ಒಳಗೆ ಇರಬೇಕು, ಡೌನ್‌ಲೋಡ್ ಆಗಬೇಕು, ಬರೀ ಆಡಿಯೋ ಕೇಳಿದ್ರೂ ಅರ್ಥ ಆಗೋ ಹಾಗಿರಬೇಕು, ಯಾಕಂದ್ರೆ ಮಲೆನಾಡಿನ ಎಷ್ಟೋ ಶಾಲೇಲಿ ಸಿಗ್ನಲ್ ಸಿಗಬೇಕಂದ್ರೆ ಗುಡ್ಡ ಹತ್ತಬೇಕು.

ಈಗ ಒಳಗೆ ಏನಿರಬೇಕು ಅನ್ನೋದಕ್ಕೆ ಬರ್ತೀನಿ, ನನಗೆ ಹೆಚ್ಚು ಹೇಳಬೇಕಿರೋದು ಇಲ್ಲೇ.

ಓದಿನ ಸಂಶೋಧನೆ ಅಂದ ತಕ್ಷಣ ಅಮೆರಿಕ, ಇಂಗ್ಲೆಂಡ್ ನೆನಪಾಗತ್ತೆ. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋರು ಒಂದು ಸರಳ ಸೂತ್ರ ಕೊಟ್ರು. ಅಕ್ಷರ ಬಿಡಿಸಿ ಓದೋ ಶಕ್ತಿ ಒಂದು, ಕೇಳಿದ ಮಾತು ಅರ್ಥ ಮಾಡ್ಕೊಳೋ ಶಕ್ತಿ ಇನ್ನೊಂದು, ಇವೆರಡರ ಗುಣಾಕಾರವೇ ಓದಿ ಅರ್ಥ ಮಾಡ್ಕೊಳೋದು. ಕೂಡೋದಲ್ಲ, ಗುಣಿಸೋದು, ಅಂದ್ರೆ ಎರಡರಲ್ಲಿ ಒಂದು ಸೊನ್ನೆ ಆದ್ರೆ ಉತ್ತರವೂ ಸೊನ್ನೆ. ಮುಂದೆ 2000ದಲ್ಲಿ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಐದು ವಿಷಯ ಮುಖ್ಯ ಅಂತ ಹೇಳ್ತು: ಧ್ವನಿಗಳ ಅರಿವು, ಅಕ್ಷರ-ಧ್ವನಿ ಸಂಬಂಧ, ಸರಾಗ ಓದು, ಪದ ಸಂಪತ್ತು, ಅರ್ಥಗ್ರಹಿಕೆ. ಇವು ಕನ್ನಡಕ್ಕೂ ಬೇಕು. ಆದ್ರೆ ಇಂಗ್ಲಿಷ್ ಫೋನಿಕ್ಸ್ ಪಾಠಾನ, ಅಂದ್ರೆ ಅಕ್ಷರಕ್ಕೆ ಧ್ವನಿ ಜೋಡಿಸಿ ಓದಿಸೋ ಪಾಠಾನ, ಅನುವಾದ ಮಾಡಿ ಕನ್ನಡ ಟೀಚರ್ ಮುಂದೆ ಇಟ್ರೆ ಅದು ಕೂರಲ್ಲ. ಇಂಗ್ಲಿಷ್ ಮಗು 26 ಅಕ್ಷರ ಕಲೀತದೆ, ತೊಂದರೆ ಇರೋದು ಆ ಅಕ್ಷರಗಳು ಒಂದೊಂದು ಪದದಲ್ಲಿ ಒಂದೊಂದು ಥರ ಉಲಿಯೋದ್ರಲ್ಲಿ. ನಮ್ಮಲ್ಲಿ ಬರೆದ ಹಾಗೆ ಓದ್ತೀವಿ, ಹೆಚ್ಚುಕಮ್ಮಿ. ನಮ್ಮ ಮಗುವಿನ ತೊಂದರೆ ಬೇರೆ ಕಡೆ ಇದೆ: ವರ್ಣಮಾಲೆಯ 49, ಅದರ ಮೇಲೆ ಪೂರ್ತಿ ಕಾಗುಣಿತ ಅಂದ್ರೆ ಹತ್ತಿರ ಹತ್ತಿರ ಐನೂರು ರೂಪ, ಅದರ ಮೇಲೆ ಒತ್ತಕ್ಷರಗಳು. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಕಲಿಯೋ ಒಂದರಿಂದ ನಾಲ್ಕನೇ ತರಗತಿ ಮಕ್ಕಳನ್ನ ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನ ಚೆನ್ನಾಗಿ ತೋರಿಸತ್ತೆ, ಅಕ್ಷರಗಳ ಮೇಲೆ ಹಿಡಿತ ಬರೋ ಕೆಲಸ ನಾಲ್ಕನೇ ತರಗತಿ ತನಕವೂ ನಡೀತಾನೇ ಇರತ್ತೆ, ಮತ್ತೆ ಮಕ್ಕಳಿಗೆ ಕ-ಮ-ಲ ಅಂತ ಉಚ್ಚಾರದ ತುಂಡುಗಳ ಅರಿವು ಬೇಗ ಬರತ್ತೆ, ಆದ್ರೆ ಕ್ ಬೇರೆ ಅ ಬೇರೆ ಅಂತ ಇನ್ನೂ ಸಣ್ಣದಾಗಿ ಒಡೆಯೋ ಅರಿವು ನಿಧಾನಕ್ಕೆ ಬರತ್ತೆ.

ಇದು ಟೀಚರ್‌ಗೆ ಗೊತ್ತಿದ್ರೆ ಎಷ್ಟು ನೆಮ್ಮದಿ ನೋಡಿ. ಎರಡನೇ ಕ್ಲಾಸಿನ ಮಗುಗೆ ಒತ್ತಕ್ಷರ ಬರ್ತಿಲ್ಲ ಅಂದ್ರೆ ಮಗು ದಡ್ಡ ಅಲ್ಲ, ನಮ್ಮ ಲಿಪಿಗೆ ಅಷ್ಟು ಸಮಯ ಬೇಕು. ಮೂರನೇ, ನಾಲ್ಕನೇ ಕ್ಲಾಸಲ್ಲೂ ಅಕ್ಷರ ಕಲಿಸೋ ಕೆಲಸ ಮುಂದುವರೀಬೇಕು, ಅದು ಹಿಂದಿನ ಕ್ಲಾಸಿನ ಟೀಚರ್ ಬಿಟ್ಟುಹೋದ ಬಾಕಿ ಅಂತ ಬೇಜಾರು ಮಾಡ್ಕೊಳೋ ವಿಷಯ ಅಲ್ಲ.

ಒಂದು ಉದಾಹರಣೆ ಬೋರ್ಡ್ ಮೇಲೆ ಬರೀತೀನಿ. ‘ಶಕ್ತಿ’. ನಾವು ಹೇಳೋವಾಗ ಶ, ಆಮೇಲೆ ಕ್, ಆಮೇಲೆ ತಿ. ಇ ಅನ್ನೋ ಸ್ವರ ತ ಜೊತೆ ಸೇರಿದೆ. ಬರೆಯೋವಾಗ? ಗುಡಿಸು ಕ ಮೇಲೆ ಕೂತಿದೆ, ತ ಕೆಳಗೆ ಒತ್ತಾಗಿ ಹೋಗಿದೆ. ಮಗು ಕಣ್ಣಿಗೆ ಮೊದಲು ಕಾಣೋದು ‘ಕಿ’. ಅದಕ್ಕೆ ಅದು ‘ಶಕಿತ’ ಅಂತ ಓದತ್ತೆ. ಇನ್ನು ‘ಸೂರ್ಯ’. ಬಾಯಲ್ಲಿ ರ್ ಮೊದಲು, ಯ ಆಮೇಲೆ. ಬರಹದಲ್ಲಿ ಯ ಮೊದಲು ಬಂದು ಅರ್ಕಾವತ್ತು ಅದರ ಬಲಕ್ಕೆ ಕೂತ್ಕೊಳತ್ತೆ. ಮಗು ‘ಸೂಯರ’ ಅನ್ನತ್ತೆ. ನಾವು ಏನ್ ಮಾಡ್ತೀವಿ, “ಸರಿಯಾಗಿ ನೋಡಿ ಓದೋ” ಅಂತೀವಿ. ಮಗು ಸರಿಯಾಗಿಯೇ ನೋಡಿದೆ! ಎಡದಿಂದ ಬಲಕ್ಕೆ, ಕಂಡ ಹಾಗೆ ಓದಿದೆ. ಕಲಿಸಬೇಕಾಗಿರೋದು ಇಲ್ಲಿ ಕಣ್ಣಿನ ಕ್ರಮ ಬೇರೆ ಬಾಯಿನ ಕ್ರಮ ಬೇರೆ ಅನ್ನೋ ಒಂದೇ ವಿಷಯಾನ, ಅದನ್ನ ಬಾಯಿಬಿಟ್ಟು ಹೇಳಿ, ಬೆರಳಿಟ್ಟು ತೋರಿಸಿ, ಕರ್ನಾಟಕ, ಪರ್ವತ, ವರ್ಷ, ಮಾರ್ಗ ಅಂತ ಹತ್ತು ಪದ ಓದಿಸಿ ಬರೆಸಬೇಕು. ಇದು ನೇರವಾಗಿ ಹೇಳಿಕೊಡೋ ವಿಧಾನ, ಇದಕ್ಕೆ ಆಧಾರ ಇರೋದು. ಮಗು ತಾನಾಗೇ ಕಂಡ್ಕೊಳತ್ತೆ ಅಂತ ಬಿಟ್ರೆ ಕೆಲವು ಮಕ್ಕಳು ಕಂಡ್ಕೊಳ್ತವೆ, ಉಳಿದವು ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಕೊಳೋದು ಕಲೀತವೆ.

ನಮ್ಮಲ್ಲಿ ಒಳ್ಳೇದು ಈಗಾಗಲೇ ಇದೆ ಅನ್ನೋದೂ ಹೇಳಬೇಕು. ‘ರ ಗ ಸ ದ ಅ’ ಕ್ರಮ ತಗೊಳ್ಳಿ. ಐದೇ ಅಕ್ಷರ ಕಲಿತ ಮಗು ಅರಸ, ಅಗಸ, ಸರ, ಗರಗಸ ಓದಿಬಿಡತ್ತೆ. ಅಆಇಈ ಪೂರ್ತಿ ಮುಗಿಯೋ ತನಕ ಕಾಯೋದು ಬೇಡ, ಕಲಿತ ಅಕ್ಷರದಲ್ಲೇ ಪದ ಕಟ್ಟೋದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಅನ್ನೋ ಚಟುವಟಿಕೆಯ ಕಲಿಕೆ ವಿಧಾನಾನೂ ಹಾಗೇ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ನಮ್ಮದೇ ಟೀಚರ್‌ಗಳು ಕಟ್ಟಿದ್ದು ಅದು, ಮಗು ತನ್ನ ವೇಗದಲ್ಲಿ ಹೋಗಲಿ ಅನ್ನೋ ವಿಚಾರ ಅಲ್ಲೇ ಇತ್ತು. ಇದನ್ನ ಬಿಟ್ಟು ಹೊರಗಿನದನ್ನ ಮೊದಲಿಂದ ತುಂಬೋ ಕೋರ್ಸ್ ನಂಗೆ ಸರಿ ಅನ್ಸಲ್ಲ. ಟೀಚರ್ ಈಗಾಗಲೇ ಮಾಡ್ತಿರೋದ್ರಲ್ಲಿ ಯಾವುದು ಕೆಲಸ ಮಾಡತ್ತೆ, ಯಾಕೆ ಮಾಡತ್ತೆ ಅಂತ ತೋರಿಸೋ ಕೋರ್ಸ್ ಬೇಕು.

ಆಗ ಹೇಳಿದ ಗುಣಾಕಾರದ ಸೂತ್ರದ ಇನ್ನೊಂದು ಭಾಗ ಮರೀಬಾರದು, ಭಾಷೆ ಅರ್ಥ ಆಗೋದು. ಮನೇಲಿ ಲಂಬಾಣಿ, ತುಳು, ದಖ್ಖನಿ ಉರ್ದು, ತೆಲುಗು ಮಾತಾಡೋ ಮಗು ‘ಗರಗಸ’ ಅಂತ ಚೆನ್ನಾಗಿ ಓದಿ ಅದೇನು ಅಂತ ಗೊತ್ತಿಲ್ಲದೆ ಕೂತಿರತ್ತೆ. ಯಾದಗಿರಿ ಮತ್ತೆ ಮಹಾರಾಷ್ಟ್ರದ ವಾಡಾದಲ್ಲಿ ಲಿರಿಲ್ ಅನ್ನೋ ಅಧ್ಯಯನ ವರ್ಷಗಟ್ಟಲೆ ನಡೀತು, ಒಂದರಿಂದ ಮೂರನೇ ತರಗತಿ ತನಕ ಅದೇ ಮಕ್ಕಳ ಜೊತೆ ಹೋಗಿ ನೋಡಿದ್ದು. ತರಗತಿ ಸಮಯ ಅಕ್ಷರ ಮತ್ತು ನಕಲು ಬರಹಕ್ಕೇ ಹೋಗಿ ಅರ್ಥದ ಮಾತುಕತೆಗೆ ಜಾಗ ಎಷ್ಟು ಕಮ್ಮಿ ಸಿಗತ್ತೆ ಅನ್ನೋದು ಅಲ್ಲಿ ಎದ್ದು ಕಾಣತ್ತೆ. ಹಾಗಾಗಿ ದಿನಾ ಹತ್ತು ನಿಮಿಷ ಟೀಚರ್ ಕಥೆ ಪುಸ್ತಕ ಗಟ್ಟಿಯಾಗಿ ಓದಿ ಹೇಳೋದು, ಮಧ್ಯ ನಿಲ್ಲಿಸಿ “ಈಗ ಅವಳು ಏನ್ ಮಾಡ್ತಾಳೆ?” ಅಂತ ಕೇಳೋದು, ಮಗು ತನ್ನ ಮನೆ ಮಾತಲ್ಲಿ ಉತ್ತರ ಕೊಟ್ರೂ ತಗೊಳೋದು, ಇದು ಕೋರ್ಸಿನ ಮೊದಲ ವಾರದಲ್ಲೇ ಬರಬೇಕು.

ನಿಪುಣ್ ಗುರಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಸಮೇತ. ಗುರಿ ಇರೋದು ಒಳ್ಳೇದು. ಆದ್ರೆ ನಮ್ಮ ಭಾಷೇಲಿ ‘ಹೋಗಬೇಕಾಗಿತ್ತಂತೆ’ ಅನ್ನೋದು ಒಂದು ಪದ, ಹಿಂದೀಲಿ ಅದನ್ನೇ ಬಿಡಿಬಿಡಿಯಾಗಿ ನಾಕೈದು ಪದ ಬರೀತಾರೆ. ಗಡಿಯಾರ ಹಿಡಿದು ಕೂತಾಗ ಇದು ನೆನಪಿರಲಿ, ಸುಮ್ನೆ ವೇಗಕ್ಕೆ ಓಡಿಸಬೇಡಿ.

ಬರಹ. ನಮ್ಮಲ್ಲಿ ಬರಹ ಅಂದ್ರೆ ಬೋರ್ಡ್ ನೋಡಿ ಬರಿ, ಕಾಪಿ ಬರಿ, ಉಕ್ತಲೇಖನ. ಉಕ್ತಲೇಖನ ಬೇಡ ಅಂತ ನಾನು ಹೇಳ್ತಿಲ್ಲ, ಆದ್ರೆ ಮಗು ತನ್ನ ಮಾತು ಬರೆಯೋದು ಯಾವಾಗ? 2010ರಲ್ಲಿ ಗ್ರಹಾಂ ಮತ್ತು ಹೆಬರ್ಟ್ ಅನ್ನೋರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ್ರು, ಓದಿದ್ದರ ಬಗ್ಗೆ ಬರೆದ್ರೆ ಓದಿನ ಅರ್ಥಗ್ರಹಿಕೇನೂ ಏರತ್ತೆ ಅಂತ ಕಾಣ್ತು. ಎರಡನ್ನ ಬೇರೆ ಬೇರೆ ಪೀರಿಯಡ್ ಮಾಡಿ ಇಡಬಾರದು.

ಮಗು ಬರೆದಿದ್ದನ್ನ ಓದೋದು ಟೀಚರ್ ಕಲೀಬೇಕಾದ ಒಂದು ವಿದ್ಯೆ, ಅದಕ್ಕೆ ಆನ್‌ಲೈನ್ ಬಹಳ ಚೆನ್ನಾಗಿ ಒದಗತ್ತೆ. ಇಂಥ ಒಂದು ಬರಹ ಇದೆ ಅಂತ ಇಟ್ಕೊಳ್ಳಿ, ಉತ್ತರ ಕರ್ನಾಟಕದ ಎರಡನೇ ಕ್ಲಾಸಿನ ಹುಡುಗಿದು: “ನಮ ಅಜಿ ಬೆಳಗೆ ರೊಟಿ ಮಾಡತಾಳ ನಾನು ಎರಡು ತಿಂತಿನಿ.” ಕೆಂಪು ಪೆನ್ನು ತಗೊಂಡ್ರೆ ಹೆಚ್ಚುಕಮ್ಮಿ ಎಲ್ಲ ಪದದ ಮೇಲೂ ಗೆರೆ. ಈಗ ನಿಧಾನಕ್ಕೆ ನೋಡಿ. ನಮ್ಮ, ಅಜ್ಜಿ, ಬೆಳಗ್ಗೆ, ರೊಟ್ಟಿ. ಈ ನಾಲ್ಕರಲ್ಲೂ ಬಿಟ್ಟಿರೋದು ಒಂದೇ, ಅದೇ ಅಕ್ಷರಕ್ಕೆ ಅದೇ ಒತ್ತು, ಸಜಾತೀಯ ಒತ್ತಕ್ಷರ. ಅಜಿ, ರೊಟಿಯಲ್ಲಿ ಕಾಗುಣಿತ ಪೂರ್ತಿ ಸರಿ ಇದೆ. ‘ತಿಂತಿನಿ’ಯಲ್ಲಿ ದೀರ್ಘ ಹೋಗಿದೆ. ‘ಮಾಡತಾಳ’ ಅನ್ನೋದು ಅವಳ ಮನೆ ಮಾತು, ಅದನ್ನ ಸದ್ಯಕ್ಕೆ ಮುಟ್ಟಲೇಬಾರದು. ಅಂದ್ರೆ ಈ ಹುಡುಗಿಗೆ ನಾಳೆ ಬೇಕಾಗಿರೋದು ಒಂದೇ ಪಾಠ: ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ. ಕೇಳಿಸಿ, ಹೇಳಿಸಿ, ಚಪ್ಪಾಳೆ ತಟ್ಟಿಸಿ, ಆಮೇಲೆ ಬರೆಸಿ. ಮಗುವಿನ ಹೆಸರು ಮುಚ್ಚಿ ಇಂಥ ಒಂದು ಫೋಟೋ ಗುಂಪಿಗೆ ಹಾಕಿ, ಹದಿನೈದು ಟೀಚರ್ ತಮಗೆ ಕಂಡಿದ್ದನ್ನ ವಾಯ್ಸ್ ನೋಟ್‌ನಲ್ಲಿ ಹೇಳಿದ್ರೆ, ಒಬ್ಬರು ಬೆಳಿಗ್ಗೆ, ಒಬ್ಬರು ರಾತ್ರಿ, ವಾರದ ಕೊನೆಗೆ ಅಲ್ಲಿ ಸೇರೋ ತಿಳುವಳಿಕೆ ಯಾವ ಸಭಾಂಗಣದ ತರಬೇತೀಲೂ ಸಿಗಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಈಗ ಎಚ್ಚರಿಕೆ ಮಾತು. ದಕ್ಷಿಣ ಆಫ್ರಿಕಾದ ಪ್ರಯೋಗ ಒಂದನ್ನ ಎಲ್ಲರೂ ತಿಳ್ಕೊಬೇಕು. ಅಲ್ಲಿ ನಾರ್ತ್ ವೆಸ್ಟ್ ಪ್ರಾಂತ್ಯದಲ್ಲಿ 2015ರಿಂದ, ಮನೆಭಾಷೆ ಸೆಟ್ಸ್ವಾನಾದಲ್ಲಿ ಓದು ಕಲಿಸೋಕೆ, ಒಂದು ಗುಂಪು ಶಾಲೆಗಳ ಟೀಚರ್‌ಗಳನ್ನ ವರ್ಷಕ್ಕೆರಡು ಸಲ ಒಂದ್ಕಡೆ ಸೇರಿಸಿ ತರಬೇತಿ ಕೊಟ್ರು, ಇನ್ನೊಂದು ಗುಂಪಿಗೆ ಕೋಚ್‌ಗಳನ್ನ ತರಗತಿಗೇ ಕಳಿಸಿದ್ರು. ಪಾಠ ಯೋಜನೆ, ಪುಸ್ತಕ ಎರಡೂ ಕಡೆ ಒಂದೇ. ಎರಡು ವರ್ಷ ಆದ್ಮೇಲೆ ನೋಡಿದ್ರೆ ಕೋಚ್ ಹೋದ ಶಾಲೆ ಮಕ್ಕಳ ಗಳಿಕೆ ಸುಮಾರು ಎರಡು ಪಟ್ಟು. ಸರಿ, ಕೋಚ್ ಕಳಿಸೋದು ದುಬಾರಿ, ಫೋನಲ್ಲೇ ಮಾಡಿದ್ರೆ? ಅದನ್ನೂ ಪರೀಕ್ಷೆ ಮಾಡಿದ್ರು, ಮ್ಪುಮಲಂಗಾ ಪ್ರಾಂತ್ಯದಲ್ಲಿ, 180 ಶಾಲೆ, ಈ ಸಲ ಇಂಗ್ಲಿಷ್ ಕಲಿಸೋದಕ್ಕೆ. ಒಂದು ಕಡೆ ಕೋಚ್ ಬರ್ತಾರೆ, ಇನ್ನೊಂದು ಕಡೆ ಟ್ಯಾಬ್ಲೆಟ್ ಕೊಟ್ಟು ಕೋಚ್ ಫೋನು, ವಾಟ್ಸಾಪಲ್ಲೇ ಮಾತಾಡ್ತಾರೆ. ಮೂರು ವರ್ಷ ಆದ್ಮೇಲೆ ಕೋಚ್ ಬಂದ ಕಡೆ ಮಾತು, ಓದು ಎರಡೂ ಏರಿತ್ತು. ಫೋನ್ ಕೋಚಿಂಗ್ ಕಡೆ ಮಾತು ಸ್ವಲ್ಪ ಏರಿತ್ತು, ಓದು ಏರ್ಲಿಲ್ಲ, ಅಷ್ಟೇ ಅಲ್ಲ ಮನೆಭಾಷೆಯ ಓದಿಗೆ ಪೆಟ್ಟು ಬಿದ್ದಿತ್ತು.

ಇದನ್ನ ಓದಿದಾಗ ನನಗೆ ತುಂಬ ಯೋಚನೆ ಆಯ್ತು, ಯಾಕಂದ್ರೆ ನಾನು ಆನ್‌ಲೈನ್ ಪರ ಮಾತಾಡೋಳು. ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ. ಮಾತಾಡಿಸೋ ಚಟುವಟಿಕೆ, ಹಾಡು, ಅಭಿನಯ, ಇವನ್ನ ಟೀಚರ್ ವಿಡಿಯೋ ನೋಡಿ ಮಾಡಬಹುದು. ಆದ್ರೆ ಸಣ್ಣ ಗುಂಪು ಕೂರಿಸ್ಕೊಂಡು ಒಂದೊಂದು ಮಗುನ ಓದಿಸಿ, ಎಲ್ಲಿ ತೊಡರ್ತಾರೆ ಅಂತ ಕೇಳಿ, ಅಲ್ಲೇ ಸಹಾಯ ಮಾಡೋದು, ಉಳಿದ ಮಕ್ಕಳು ಅಷ್ಟೊತ್ತು ಏನ್ ಮಾಡ್ತಿರಬೇಕು ಅಂತ ನೋಡ್ಕೊಳೋದು, ಇದು ಕಷ್ಟದ ಕೆಲಸ, ಪಕ್ಕದಲ್ಲಿ ಒಬ್ಬರು ಕೂತು ಒಂದೆರಡು ಸಲ ಮಾಡಿ ತೋರಿಸದೆ ಕೈಗೆ ಹತ್ತಲ್ಲ. ಈಜು ಕಲಿಯೋನಿಗೆ ನೀರಲ್ಲಿ ಒಬ್ಬರು ಕೈ ಹಿಡಿಯೋ ಹಾಗೆ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕಥೇನೂ ಇದೇ ಕಡೆ ಹೋಗತ್ತೆ. ಓದಿನಲ್ಲಿ ದೇಶಕ್ಕೇ ಕೊನೇ ಸಾಲಲ್ಲಿದ್ದ ರಾಜ್ಯ, 2013ರಲ್ಲಿ ಕಾನೂನು ಮಾಡಿ, ಟೀಚರ್‌ಗಳಿಗೆ ಲೆಟರ್ಸ್ ಅನ್ನೋ ಕೋರ್ಸನ್ನ ಆನ್‌ಲೈನ್ ಮತ್ತು ಮುಖಾಮುಖಿ ಸೇರಿಸಿ ಕೊಟ್ಟು, ಕಷ್ಟದಲ್ಲಿರೋ ಶಾಲೆಗಳಿಗೆ ಕೋಚ್ ಕಳಿಸ್ತು. 2019ಕ್ಕೆ ನಾಲ್ಕನೇ ತರಗತಿ ಓದಿನಲ್ಲಿ ದೇಶದ ಸರಾಸರಿ ಮುಟ್ಟಿತು. ಮೂರನೇ ತರಗತೀಲಿ ಫೇಲ್ ಮಾಡೋ ನಿಯಮಾನೂ ಅಲ್ಲಿತ್ತು, ಹಾಗಾಗಿ ಎಲ್ಲಾ ಕೀರ್ತಿ ತರಬೇತಿಗೇ ಅಂತ ನಾನು ಹೇಳಲ್ಲ.

ನಮಗೆ ಒಂದು ಅನುಕೂಲ ಇದೆ, ಹೊಸದಾಗಿ ಕೋಚ್ ಹುಡುಕಬೇಕಿಲ್ಲ, ಸಿಆರ್‌ಪಿ, ಅಂದ್ರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಅನ್ನೋರು, ಅಕ್ಕಪಕ್ಕದ ಶಾಲೆಗಳು ಸೇರಿದ ಪ್ರತಿ ಕ್ಲಸ್ಟರಲ್ಲೂ ಇದಾರೆ. ಆದ್ರೆ ಅವರ ದಿನ ಹೋಗೋದು ಮಾಹಿತಿ ಸಂಗ್ರಹ ಮಾಡೋದ್ರಲ್ಲಿ. ಬೆಳಿಗ್ಗೆ ಒಂದು ಗೂಗಲ್ ಶೀಟು, ಮಧ್ಯಾಹ್ನ “ತುರ್ತು” ಅಂತ ಇನ್ನೊಂದು. ಶಾಲೆಗೆ ಬಂದ್ರೆ ರಿಜಿಸ್ಟರ್ ನೋಡಿ ಹೋಗಬೇಕಾದ ಪರಿಸ್ಥಿತಿ ಅವರದ್ದು. ವಿಷಯ ಹೇಳಿಕೊಡೋ ಭಾರಾನ ಆನ್‌ಲೈನ್ ಕೋರ್ಸ್ ಹೊತ್ಕೊಂಡ್ರೆ, ಸಿಆರ್‌ಪಿ ತಿಂಗಳಿಗೆ ಒಂದು ಸಲ ಬಂದು ಒಂದು ಗಂಟೆ ಓದಿನ ಪೀರಿಯಡ್ ಪೂರ್ತಿ ಕೂತು, ತಾನೂ ಎರಡು ಮಕ್ಕಳನ್ನ ಓದಿಸಿ, ಆಮೇಲೆ ಟೀ ಕುಡೀತಾ ಟೀಚರ್ ಜೊತೆ ಮಾತಾಡಲಿ. ಇಲಾಖೆ ಅವರ ಕೈಯಿಂದ ಆ ಶೀಟುಗಳನ್ನ ಕಿತ್ಕೊಂಡು ಈ ಒಂದು ಗಂಟೆ ಕೊಟ್ರೆ, ಸರ್ಟಿಫಿಕೇಟಿಗೋಸ್ಕರ ವಿಡಿಯೋ ಓಡಿಸೋದು, ಕ್ವಿಜ್ ಉತ್ತರ ಗ್ರೂಪಲ್ಲಿ ಹರಿದಾಡೋದು, ಇವೆಲ್ಲ ತಾನಾಗೇ ನಿಲ್ಲತ್ತೆ. ಯಾಕಂದ್ರೆ ಆಗ ಕೋರ್ಸ್ ಮುಗಿಸಿದ್ದಕ್ಕೆ ಸಾಕ್ಷಿ ಕ್ವಿಜ್ ಅಲ್ಲ, ಮಗು ಓದಿದ ಎರಡು ನಿಮಿಷದ ಆಡಿಯೋ, ಮೊದಲ ವಾರದ್ದು ಒಂದು, ಎಂಟನೇ ವಾರದ್ದು ಒಂದು.

ಪ್ರಶ್ನೆಗಳಲ್ಲಿ ಎರಡನ್ನ ಇಲ್ಲಿ ಬರೀತೀನಿ.

ಒಬ್ಬರು ಮೇಷ್ಟ್ರು ಎದ್ದು, “ಮೇಡಂ, ನಿವೃತ್ತಿಗೆ ಮೂರು ವರ್ಷ ಇದೆ, ನಂಗೆ ಈ ಆ್ಯಪ್ ಎಲ್ಲ ಕಷ್ಟ, ನಾನೇನು ಮಾಡಲಿ” ಅಂದ್ರು. ಸರ್, ನಿಮ್ಮ ಹತ್ರ ಇರೋದು ಯಾವ ಆ್ಯಪಲ್ಲೂ ಇಲ್ಲ, ಸಾವಿರಾರು ಮಕ್ಕಳು ಓದೋದನ್ನ ಕೇಳಿದ ಕಿವಿ ನಿಮ್ದು. ನಿಮ್ಮ ಶಾಲೆಯ ಅತಿಥಿ ಶಿಕ್ಷಕಿ ಫೋನ್ ಹಿಡೀಲಿ, ನೀವು ಇಬ್ಬರೂ ಒಟ್ಟಿಗೆ ಕೂತು ನೋಡಿ, ಮಗು ತೊಡರಿದ ಕಡೆ ಯಾಕೆ ತೊಡರ್ತು ಅಂತ ನೀವು ಹೇಳಿ. ಜೋಡಿಯಾಗಿ ಸೇರೋಕೆ ಕೋರ್ಸಲ್ಲಿ ಅವಕಾಶ ಇರಲೇಬೇಕು ಅಂತ ನಾನು ಕೇಳ್ತಾನೇ ಇದೀನಿ.

ಇನ್ನೊಬ್ಬರು ಮಿಸ್ ಕೇಳಿದ್ದು, ನಲವತ್ತು ಮಕ್ಕಳು, ಎರಡು ತರಗತಿ ಒಟ್ಟಿಗೆ, ಒಂದೊಂದು ಮಗುನ ಓದಿಸೋಕೆ ಟೈಮ್ ಎಲ್ಲಿ ಅಂತ. ನ್ಯಾಯವಾದ ಪ್ರಶ್ನೆ. ದಿನಕ್ಕೆ ನಾಲ್ಕೇ ಮಕ್ಕಳು, ತಲಾ ಎರಡು ನಿಮಿಷ. ಉಳಿದವರು ಜೋಡೀಲಿ ಒಬ್ಬರಿಗೊಬ್ಬರು ಓದ್ತಿರಲಿ, ಗಲಾಟೆ ಆಗತ್ತೆ, ಆಗಲಿ. ಹತ್ತು ಶಾಲಾ ದಿನಕ್ಕೆ ನಲವತ್ತೂ ಮಕ್ಕಳ ಓದು ಒಂದು ಸುತ್ತು ನಿಮ್ಮ ಕಿವಿಗೆ ಬಿದ್ದಿರತ್ತೆ. ಯಾರಿಂದ ಶುರು ಮಾಡೋದು ಅಂತ ಅವರು ಮತ್ತೆ ಕೇಳಿದ್ರು. ಹಾಜರಿ ಪುಸ್ತಕದ ಕ್ರಮ ಬೇಡ, ಕ್ಲಾಸಲ್ಲಿ ಎಲ್ಲರ ಜೊತೆ ಬಾಯಿ ಆಡಿಸ್ತಾ ಒಬ್ಬರೇ ಯಾವತ್ತೂ ಓದದ ಮಕ್ಕಳು ಯಾರು ಅಂತ ನಿಮಗೆ ಗೊತ್ತಿರತ್ತೆ, ಸೋಮವಾರ ಆ ನಾಲ್ಕು ಜನರಿಂದ.